ಅರೆಹೊಟ್ಟೆಯ ಬೂಷ್ಟು

ಡಿಸ್ಟಿಲರಿಯಲ್ಲಿ ಕೈ ಪಳಗಿದವನಿಗೆ ಪೆನಿಸಿಲಿನ್ ಕಾರ್ಖಾನೆಯ ಕೆಲಸ ಬೇಗ ಒಗ್ಗುವುದಿಲ್ಲ. ಎರಡೂ ಕಡೆ ಇರುವುದು ದೊಡ್ಡ ಟ್ಯಾಂಕು, ಅದರೊಳಗೆ ಸಕ್ಕರೆ ತಿಂದು ಬದುಕುವ ಜೀವಿ, ಹೊರಗೆ ಮೀಟರ್ ನೋಡುತ್ತ ನಿಂತ ಮನುಷ್ಯ. ಆದರೆ ಒಂದು ಕಡೆ ಆ ಜೀವಿಗೆ ಉಣ್ಣಿಸಿದಷ್ಟೂ ಲಾಭ, ಇನ್ನೊಂದು ಕಡೆ ಹೊಟ್ಟೆ ತುಂಬ ಉಣ್ಣಿಸಿದರೆ ಕೆಲಸವೇ ಕೆಟ್ಟಿತು. ಎಂಬತ್ತರ ದಶಕದಲ್ಲಿ ನಾನು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋದೆ. ಸೂಕ್ಷ್ಮಜೀವಿಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಬಹುಪಾಲು ಕಲಿತದ್ದು ಆಗಲೇ.

ನಮ್ಮದು ಮಂಡ್ಯ ಸೀಮೆ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ಅಲ್ಲಿ ಕಬ್ಬಿನ ಲೆಕ್ಕ ಗೊತ್ತಿಲ್ಲದ ಮನೆ ಇಲ್ಲ. ಬಿ.ಎಸ್ಸಿ. ಮುಗಿಸಿ ಆ ಕಡೆಯದೇ ಒಂದು ಡಿಸ್ಟಿಲರಿಗೆ ಲ್ಯಾಬ್ ಕೆಮಿಸ್ಟ್ ಆಗಿ ಸೇರಿಕೊಂಡೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಅಲ್ಲಿ ಕಚ್ಚಾ ಮಾಲು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇನ್ನೂ ಸಕ್ಕರೆಯೇ, ಹರಳುಗಟ್ಟಲು ಒಲ್ಲದ ಸಕ್ಕರೆ. ಅದಕ್ಕೆ ನೀರು ಬೆರೆಸಿ, ಒಂದಿಷ್ಟು ಸಲ್ಫ್ಯೂರಿಕ್ ಆಮ್ಲ ಹಾಕಿ ಹುಳಿ ಮಾಡಿ, ಒಂದಿಷ್ಟು ಯೂರಿಯಾ, ಡಿಎಪಿ ಸೇರಿಸಿ, ಬೆಳೆಸಿಟ್ಟ ಯೀಸ್ಟ್ ಬಿಟ್ಟರೆ ಮುಗಿಯಿತು. ಕೆಲವೇ ಗಂಟೆಗಳಲ್ಲಿ ವ್ಯಾಟ್, ಅಂದರೆ ಹುದುಗಿನ ತೊಟ್ಟಿ, ಕುದಿಯುವ ಹಾಗೆ ನೊರೆಯೇಳುತ್ತದೆ. ಹೈಡ್ರೋಮೀಟರ್ ಇಳಿಬಿಟ್ಟರೆ ಗ್ರಾವಿಟಿ ಗಂಟೆಗಂಟೆಗೂ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಒಂದೂವರೆ ದಿನದೊಳಗೆ ನೊರೆ ಕೂತು, ಹುದುಗಿದ ರಸವಾದ ವಾಷ್‌ನಲ್ಲಿ ಏಳೆಂಟು ಪರ್ಸೆಂಟ್ ಆಲ್ಕೋಹಾಲ್ ನಿಂತು, ಮಾಲು ಬಟ್ಟಿಗೆ ಹೋಗುತ್ತಿತ್ತು.

ಖಾಲಿಯಾದ ವ್ಯಾಟ್ ತೊಳೆಯಲು ಇಳಿಯುವ ಮುಂಚೆ ಹಳೆಯ ಕೆಲಸಗಾರರು ಹಗ್ಗಕ್ಕೆ ಲಾಟೀನು ಕಟ್ಟಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ ತಳದಲ್ಲಿ ಕಾರ್ಬನ್ ಡೈಆಕ್ಸೈಡ್ ಮಡುಗಟ್ಟಿದೆ ಎಂದು ಅರ್ಥ, ಯಾರೂ ಇಳಿಯುವಂತಿಲ್ಲ. ಆ ಅನಿಲವೂ ಆಲ್ಕೋಹಾಲೂ ಒಂದೇ ಕ್ರಿಯೆಯ ಜೋಡಿ ಫಲ. ಒಂದು ಗ್ಲೂಕೋಸ್ ಅಣುವನ್ನು ಮುರಿದು ಯೀಸ್ಟ್ ಎರಡು ಅಣು ಆಲ್ಕೋಹಾಲ್, ಎರಡು ಅಣು ಕಾರ್ಬನ್ ಡೈಆಕ್ಸೈಡ್ ಹೊರಗೆ ಹಾಕುತ್ತದೆ. ಆ ಮುರಿಯುವಿಕೆಯಲ್ಲಿ ಸಿಗುವ ಅಲ್ಪ ಶಕ್ತಿಯೇ ಗಾಳಿಯಿಲ್ಲದ ಕಡೆ ಅದರ ಜೀವನಾಧಾರ. ಅಂದರೆ ಅಲ್ಲಿ ಬದುಕಬೇಕಾದರೆ ಯೀಸ್ಟ್ ಆಲ್ಕೋಹಾಲ್ ಮಾಡಲೇಬೇಕು. ಬೇರೆ ದಾರಿಯಿಲ್ಲ. ಅದಕ್ಕೇ ಡಿಸ್ಟಿಲರಿಯವನಿಗೆ ನೆಮ್ಮದಿ: ಜೀವಿ ಹುರುಪಾಗಿದ್ದರೆ ಮಾಲು ಬಂದೇ ಬರುತ್ತದೆ.

ಪ್ರೈಮರಿ ಮೆಟಬೊಲೈಟ್ ಅಂದರೆ ಇದೇ. ಜೀವಕೋಶ ಬೆಳೆಯಲು, ಉಸಿರಾಡಲು, ಎರಡಾಗಲು ಬೇಕಾದ ಕ್ರಿಯೆಗಳಿಂದ ನೇರವಾಗಿ ಹುಟ್ಟುವ ವಸ್ತುಗಳು: ಆಲ್ಕೋಹಾಲ್, ಲ್ಯಾಕ್ಟಿಕ್ ಆಮ್ಲ, ಸಿಟ್ರಿಕ್ ಆಮ್ಲ, ಅಮೈನೋ ಆಮ್ಲಗಳು, ವಿಟಮಿನ್ನುಗಳು. ಸೆಕೆಂಡರಿ ಅಂದರೆ ಬೆಳವಣಿಗೆಯ ವೇಗ ಇಳಿದ ಮೇಲೆ, ಕೆಲವೇ ಜಾತಿಗಳು ಮಾತ್ರ ತಯಾರಿಸುವ, ಇಲ್ಲದಿದ್ದರೂ ಅವುಗಳ ಬೆಳವಣಿಗೆ ನಿಲ್ಲದ ವಸ್ತುಗಳು: ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್, ಕೊಲೆಸ್ಟರಾಲ್ ಇಳಿಸುವ ಲೋವಾಸ್ಟಾಟಿನ್. ಬೆಳೆಯುವ ಹಂತಕ್ಕೆ ಟ್ರೋಫೋಫೇಸ್, ಸೆಕೆಂಡರಿ ವಸ್ತು ಹುಟ್ಟುವ ಹಂತಕ್ಕೆ ಇಡಿಯೋಫೇಸ್ ಎಂದು ಅರವತ್ತರ ದಶಕದಲ್ಲಿ ಹೆಸರು ಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಬುಲಾಕ್. ಕಾಲೇಜಿನಲ್ಲಿ ಇದಿಷ್ಟೂ ಒಂದೇ ಪುಟ. ಎರಡು ಗೆರೆಗಳ ಒಂದು ಗ್ರಾಫ್ ಬರೆದು ಅಂಕ ಗಿಟ್ಟಿಸಿಕೊಂಡರೆ ಸಾಕಾಗಿತ್ತು. ಆ ಗ್ರಾಫಿನಲ್ಲಿ ಬೆಳವಣಿಗೆಯ ಗೆರೆ ಏರಿ ನಿಲ್ಲುತ್ತದೆ, ಸೆಕೆಂಡರಿ ವಸ್ತುವಿನದು ತಡವಾಗಿ ಏಳುತ್ತದೆ. ಆ ತಡದ ಬೆಲೆ ಏನೆಂದು ತಿಳಿದದ್ದು ಮಹಾರಾಷ್ಟ್ರದ ಆ್ಯಂಟಿಬಯಾಟಿಕ್ ಕಾರ್ಖಾನೆಯೊಂದಕ್ಕೆ ಹೋಗಿ ಶಿಫ್ಟಿಗೆ ನಿಂತಾಗ.

ಅಲ್ಲಿ ನಮ್ಮ ಶಿಫ್ಟ್ ಇನ್‌ಚಾರ್ಜ್ ಧಾರವಾಡದವರು. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ನನ್ನನ್ನು ‘ತಮ್ಮಾ’ ಎಂದೇ ಕರೆದರು. ಫರ್ಮೆಂಟರಿಗೆ ಬೀಜ ಬಿದ್ದ ಮರುದಿನ ಸ್ಯಾಂಪಲ್ ತೆಗೆದು ಪೆನಿಸಿಲಿನ್ ಎಷ್ಟಿದೆ ಎಂದು ನೋಡಲು ಹೊರಟೆ. ಅವರು ಕೈಯಡ್ಡ ಹಿಡಿದು, “ಈಗ ಏನೂ ಸಿಗಂಗಿಲ್ಲ ತಮ್ಮಾ. ಅದು ಈಗ ಮೈ ಬೆಳಸಾಕತ್ತದ. ಬೆಳೀಲಿ, ಆಮ್ಯಾಲೆ ಅದರ ಊಟಾ ನಾವು ಹಿಡೀತೀವಿ. ಆವಾಗ ಔಷಧ ಕೊಡ್ತದ” ಅಂದರು.

‘ಊಟ ಹಿಡಿಯುವುದು’ ಅಂದರೆ ಸಕ್ಕರೆಯ ಫೀಡ್. ಪೆನಿಸಿಲಿಯಂ ಕ್ರೈಸೋಜೀನಮ್ ಎಂಬ ಈ ಬೂಷ್ಟು ಗ್ಲೂಕೋಸ್ ಧಾರಾಳವಾಗಿ ಸಿಕ್ಕರೆ ಪೆನಿಸಿಲಿನ್ ಮಾಡುವ ಜೀನುಗಳನ್ನು ಮುಚ್ಚಿಟ್ಟುಕೊಂಡು ಬರೀ ಬೆಳೆಯುತ್ತ ಹೋಗುತ್ತದೆ. ಯೂರಿಯಾ ಜಾಸ್ತಿಯಾದ ಗದ್ದೆಯಲ್ಲಿ ಪೈರು ಸೊಕ್ಕಿ ಬೆಳೆದು ತೆನೆ ಜೊಳ್ಳಾಗುವುದನ್ನು ನೋಡಿದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಕ್ಕರೆ ತೀರಾ ಕಡಿಮೆಯಾದರೆ ಮತ್ತೊಂದು ತೊಂದರೆ: ಎಳೆಗಳು ತಮ್ಮನ್ನೇ ಕರಗಿಸಿಕೊಂಡು ಒಡೆದುಹೋಗುತ್ತವೆ. ಹಾಗಾಗಿ ಗ್ಲೂಕೋಸನ್ನು ಒಂದೇ ಸಲ ಸುರಿಯದೆ ಗಂಟೆಗಿಷ್ಟು ಎಂದು ಸಣ್ಣ ಧಾರೆಯಲ್ಲಿ ಬಿಡುತ್ತ, ಬಿಟ್ಟದ್ದು ಬಿಟ್ಟಹಾಗೇ ಖರ್ಚಾಗಿ ರಸದಲ್ಲಿ ಸಕ್ಕರೆ ಇಲ್ಲವೇ ಇಲ್ಲ ಎನ್ನುವಂತೆ ನೋಡಿಕೊಳ್ಳಬೇಕು. ಬೂಷ್ಟು ಸಾಯಕೂಡದು, ಸೊಕ್ಕಲೂಕೂಡದು. ದಿನಗಟ್ಟಲೆ ಅದನ್ನು ಅರೆಹೊಟ್ಟೆಯಲ್ಲಿ ನಿಲ್ಲಿಸುವುದೇ ನಮ್ಮ ಕಸುಬು.

ಈ ಹದವನ್ನು ಮೊದಲು ಕಂಡುಕೊಂಡದ್ದು ಗ್ಲೂಕೋಸ್ ಫೀಡಿನಿಂದಲ್ಲ. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ನೋಡಿದ ಬೂಷ್ಟಿನಿಂದ ಮಿಲಿಲೀಟರಿಗೆ ಒಂದೆರಡು ಯೂನಿಟ್ ಸಿಕ್ಕರೆ ಹೆಚ್ಚು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಮದ್ದು ಕೊಟ್ಟಾಗ ಅದು ಸಾಲದೆ ಬಂದು, ಅವನ ಮೂತ್ರದಿಂದಲೇ ಪೆನಿಸಿಲಿನ್ ತಿರುಗಿ ತೆಗೆದು ಮತ್ತೆ ಚುಚ್ಚಿದರು. ಅವನು ಚೇತರಿಸಿಕೊಂಡ, ಮದ್ದು ಮುಗಿಯಿತು, ಅವನು ಉಳಿಯಲಿಲ್ಲ. ಅದೇ ವರ್ಷ ಆ ಆಕ್ಸ್‌ಫರ್ಡ್ ತಂಡದ ಫ್ಲೋರಿ ಮತ್ತು ಹೀಟ್ಲಿ ಅಮೆರಿಕಕ್ಕೆ ಹೋದರು. ಇಲಿನಾಯ್ ರಾಜ್ಯದ ಪಿಯೋರಿಯಾದ ಕೃಷಿ ಪ್ರಯೋಗಾಲಯದಲ್ಲಿ ಆಂಡ್ರ್ಯೂ ಮೋಯರ್ ಎರಡು ಕೆಲಸ ಮಾಡಿದರು. ಮೆಕ್ಕೆಜೋಳದ ಪಿಷ್ಟ ಕಾರ್ಖಾನೆಗಳಲ್ಲಿ ಉಳಿಯುವ ಕಾರ್ನ್ ಸ್ಟೀಪ್ ಲಿಕರ್ ಬಳಸಿದರು, ಸಕ್ಕರೆಯಾಗಿ ಹಾಲಿನ ಲ್ಯಾಕ್ಟೋಸ್ ಕೊಟ್ಟರು. ಲ್ಯಾಕ್ಟೋಸನ್ನು ಬೂಷ್ಟು ಬೇಗ ತಿನ್ನಲಾರದು. ಊಟ ತಟ್ಟೆಯಲ್ಲಿದ್ದರೂ ಹಸಿವು ಉಳಿಯಿತು, ಪೆನಿಸಿಲಿನ್ ಬಂತು. ಮುಂದೆ ನಾವು ಪಂಪಿನಿಂದ ಮಾಡಿದ್ದನ್ನು ಅವರು ಸಕ್ಕರೆಯ ಆಯ್ಕೆಯಿಂದಲೇ ಮಾಡಿದ್ದರು. 1943ರಲ್ಲಿ ಅದೇ ಊರಿನಲ್ಲಿ ಕೊಳೆತ ಕರಬೂಜದ ಮೇಲೆ ಸಿಕ್ಕ ಬೂಷ್ಟಿನ ವಂಶವೇ ಆಮೇಲೆ ಲೋಕದ ಕಾರ್ಖಾನೆಗಳನ್ನೆಲ್ಲ ತುಂಬಿಕೊಂಡಿತು. ಇವತ್ತಿನ ತಳಿಗಳು ಲೀಟರಿಗೆ 40 ಗ್ರಾಮಿಗೂ ಮಿಕ್ಕಿ ಕೊಡುತ್ತವೆ.

ನಮ್ಮ ಕೈಗೆ ಆ ಬೂಷ್ಟು ಬರುತ್ತಿದ್ದದ್ದು ಅನ್ನದ ಅಗುಳಿನ ಮೇಲೆ. ಫ್ಲಾಸ್ಕಿನಲ್ಲಿ ಬೇಯಿಸಿ ಸ್ಟೆರಿಲೈಜ್ ಮಾಡಿದ ಅಕ್ಕಿಯ ಮೇಲೆ ಅದನ್ನು ಬೆಳೆಸಿದರೆ ಅಗುಳು ಅಗುಳೂ ಹಸಿರು ಪುಡಿ ಮೆತ್ತಿಕೊಂಡು ನಿಲ್ಲುತ್ತದೆ. ಆ ಪುಡಿಯೇ ಬೀಜಕಣ. ಅಲ್ಲಿಂದ ಚಿಕ್ಕ ಸೀಡ್ ಟ್ಯಾಂಕು, ಅಲ್ಲಿಂದ ದೊಡ್ಡದು, ಅಲ್ಲಿಂದ ಹತ್ತಾರು ಸಾವಿರ ಲೀಟರಿನ ಫರ್ಮೆಂಟರ್. ಉಷ್ಣಾಂಶ 25 ಡಿಗ್ರಿ ಆಸುಪಾಸು, ಹಗಲೂ ರಾತ್ರಿ ಶುದ್ಧ ಗಾಳಿ, ತಿರುಗುವ ಅಜಿಟೇಟರಿನ ಮೊರೆತ. ಬ್ಯಾಚ್ ಒಂದು ವಾರದ್ದು.

ಮೀಟರುಗಳಿಗಿಂತ ನನಗೆ ಹೆಚ್ಚು ಹೇಳಿದ್ದು ಮೈಕ್ರೋಸ್ಕೋಪ್. ಒಂದು ಹನಿ ರಸಕ್ಕೆ ಮೆಥಿಲೀನ್ ಬ್ಲೂ ಹಾಕಿ ಸ್ಲೈಡ್ ಮಾಡಿದರೆ, ಮೊದಲ ದಿನದ ಎಳೆಗಳು ದಪ್ಪವಾಗಿ, ತುದಿಯವರೆಗೂ ತುಂಬಿಕೊಂಡು, ಒಂದೇ ಸಮ ನೀಲಿಯಾಗಿ ಕಾಣುತ್ತವೆ. ಮೂರು ನಾಲ್ಕನೆಯ ದಿನಕ್ಕೆ ಒಳಗೆ ಬೆಳ್ಳನೆಯ ಪೊಳ್ಳು ಗುಳ್ಳೆಗಳು ಏಳುತ್ತವೆ, ಕೊಬ್ಬಿನ ಹನಿಗಳು ಮಿನುಗುತ್ತವೆ, ನೀಲಿ ಅಲ್ಲಲ್ಲಿ ಮಾತ್ರ ಉಳಿಯುತ್ತದೆ. ಡಿಸ್ಟಿಲರಿಯ ಕಣ್ಣಿನಿಂದ ನೋಡಿದರೆ ಮೊದಲನೆಯದು ಆರೋಗ್ಯ, ಎರಡನೆಯದು ಕಾಯಿಲೆ. ಆದರೆ ಪೆನಿಸಿಲಿನ್ನಿನ ಗೆರೆ ಭರದಿಂದ ಏರುತ್ತಿದ್ದದ್ದು ಆ ಎರಡನೆಯ ಅವಸ್ಥೆಯಲ್ಲೇ. ಗುಳ್ಳೆ ದೊಡ್ಡದಾಗಿ ಎಳೆ ತುಂಡಾಗತೊಡಗಿದರೆ ಮಾತ್ರ ಹದ ಮೀರಿತು ಎಂದು ಲೆಕ್ಕ. ಧಾರವಾಡದ ಸರ್ ಒಂದು ಕಣ್ಣು ಮುಚ್ಚಿ ಸ್ಲೈಡ್ ನೋಡಿ, ಎಳೆಗಳು ಮತ್ತೆ ಸೊಕ್ಕುವಂತೆ ಕಂಡರೆ ತಲೆಯೆತ್ತದೆಯೇ “ಫೀಡ್ ತುಸು ಇಳಸ್ರಿ” ಅನ್ನುತ್ತಿದ್ದರು. ಶುಗರ್ ರಿಪೋರ್ಟ್ ಲ್ಯಾಬಿನಿಂದ ಬರುವುದು ಅದಾದ ಮೇಲೆ, ಮತ್ತು ಅದು ಅವರ ಮಾತನ್ನೇ ಹೇಳುತ್ತಿತ್ತು.

ಸಕ್ಕರೆಯ ಜೊತೆಗೆ ಇನ್ನೊಂದು ಫೀಡ್ ಇತ್ತು: ಫಿನೈಲ್ ಅಸಿಟಿಕ್ ಆಮ್ಲ. ಪೆನಿಸಿಲಿನ್ ಜಿ ಅಣುವಿನ ಒಂದು ಬದಿಯ ಸರಪಳಿ ಇದರಿಂದಲೇ ಆಗುವುದು. ಇದರ ಬದಲು ಫಿನಾಕ್ಸಿ ಅಸಿಟಿಕ್ ಆಮ್ಲ ಕೊಟ್ಟರೆ ಅದೇ ಬೂಷ್ಟು ಪೆನಿಸಿಲಿನ್ ವಿ ಕೊಡುತ್ತದೆ, ಹೊಟ್ಟೆಯ ಆಮ್ಲಕ್ಕೆ ಹೆದರದ, ಮಾತ್ರೆಯಾಗಿ ನುಂಗಬಹುದಾದ ಮದ್ದು. ಬೂಷ್ಟು ಕೊಟ್ಟದ್ದನ್ನು ಜೋಡಿಸಿಕೊಳ್ಳುತ್ತದೆ. ಜಾಸ್ತಿ ಕೊಟ್ಟರೆ ಅದಕ್ಕೇ ವಿಷ. ಇಲ್ಲಿಯೂ ಹನಿ ಲೆಕ್ಕವೇ.

ಪ್ರೈಮರಿ, ಸೆಕೆಂಡರಿ ಎಂಬ ಎರಡು ಪೆಟ್ಟಿಗೆಗಳ ನಡುವೆ ಗೋಡೆಯಿಲ್ಲ ಎನ್ನುವುದು ನನಗೆ ಮನದಟ್ಟಾದದ್ದು ಲೈಸೀನ್ ವಿಷಯ ಓದಿದಾಗ. ಪೆನಿಸಿಲಿನ್ ಆಗುವುದು ಮೂರು ಅಮೈನೋ ಆಮ್ಲಗಳಿಂದ: ಸಿಸ್ಟೀನ್, ವ್ಯಾಲೀನ್, ಆಲ್ಫಾ ಅಮಿನೊ ಅಡಿಪಿಕ್ ಆಮ್ಲ. ಮೊದಲೆರಡು ಪ್ರೋಟೀನಿನಲ್ಲಿ ದಿನನಿತ್ಯ ಬಳಕೆಯಾಗುವಂಥವು. ಮೂರನೆಯದು ಬೂಷ್ಟು ಲೈಸೀನ್ ತಯಾರಿಸುವ ದಾರಿಯಲ್ಲಿ ನಡುವೆ ಸಿಗುವ ವಸ್ತು. ದಾರಿ ಅಲ್ಲಿ ಕವಲೊಡೆಯುತ್ತದೆ. ಒಂದು ಕವಲು ಲೈಸೀನಿಗೆ, ಅಂದರೆ ಬೆಳವಣಿಗೆಗೆ, ಇನ್ನೊಂದು ಪೆನಿಸಿಲಿನ್ನಿಗೆ. ಲೈಸೀನ್ ಹೊರಗಿನಿಂದ ಧಾರಾಳ ಕೊಟ್ಟರೆ ಬೂಷ್ಟು ಆ ದಾರಿಯ ಬಾಯನ್ನೇ ಮುಚ್ಚಿಬಿಡುತ್ತದೆ, ಆಗ ಪೆನಿಸಿಲಿನ್ನಿಗೂ ಸಾಮಗ್ರಿ ಇಲ್ಲ. 1957ರಲ್ಲಿ ಆರ್ನಾಲ್ಡ್ ಡೆಮೈನ್ ಇದನ್ನು ತೋರಿಸಿದರು; ಅಮಿನೊ ಅಡಿಪಿಕ್ ಆಮ್ಲ ಸೇರಿಸಿದರೆ ಪೆನಿಸಿಲಿನ್ ಮತ್ತೆ ಬರುವುದನ್ನು ಆಮೇಲೆ ತೋರಿಸಲಾಯಿತು. ಬೆಳವಣಿಗೆಗೆಂದು ಹಾಕಿದ ದಾರಿಯ ಮಧ್ಯದಿಂದಲೇ ಔಷಧ ಕವಲೊಡೆದು ಬರುತ್ತದೆ. ಇಷ್ಟನ್ನು ಕಾಲೇಜಿನಲ್ಲಿ ಯಾರಾದರೂ ಹೇಳಿದ್ದರೆ ಆ ಗ್ರಾಫ್ ಎಂದೋ ಜೀವ ತಳೆಯುತ್ತಿತ್ತು.

ಪ್ರೈಮರಿ ವಸ್ತುಗಳೆಲ್ಲ ಆಲ್ಕೋಹಾಲಿನಷ್ಟು ಸಲೀಸಾಗಿ ಸಿಗುತ್ತವೆ ಎಂದೂ ತಿಳಿಯಬಾರದು. ಸಿಟ್ರಿಕ್ ಆಮ್ಲ ಪ್ರತಿ ಜೀವಕೋಶದಲ್ಲೂ ಇದೆ, ಆದರೆ ಸಾಮಾನ್ಯವಾಗಿ ಯಾವುದೂ ಅದನ್ನು ಹೇರಳವಾಗಿ ಹೊರಗೆ ಚೆಲ್ಲುವುದಿಲ್ಲ. ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನಿಂದ ಅದನ್ನು ಚೆಲ್ಲಿಸುವುದನ್ನು ಜೇಮ್ಸ್ ಕರಿ ಕಲಿಸಿಕೊಟ್ಟರು. 1919ರಲ್ಲಿ ಫೈಜರ್ ಕಂಪನಿ ಆ ದಾರಿ ಹಿಡಿಯಿತು. ಸಕ್ಕರೆ ಹೇರಳವಾಗಿರಬೇಕು, ರಸ ತೀರಾ ಹುಳಿಯಾಗಿರಬೇಕು, ಮ್ಯಾಂಗನೀಸ್ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಟ್ಯಾಂಕಿನ ಲೋಹದಿಂದ ಕರಗಿ ಬರುವಷ್ಟು ಮ್ಯಾಂಗನೀಸೂ ಇಳುವರಿ ಕೆಡಿಸಬಲ್ಲದು. ಗ್ಲುಟಾಮಿಕ್ ಆಮ್ಲದ ಕಥೆಯೂ ಅಂಥದೇ: ಐವತ್ತರ ದಶಕದಲ್ಲಿ ಜಪಾನಿನ ಕಿನೋಷಿಟ ತಂಡ ಕಂಡುಹಿಡಿದ ಬ್ಯಾಕ್ಟೀರಿಯಾ, ಬಯೋಟಿನ್ ಕೊರತೆಯಾದಾಗ ಗ್ಲುಟಾಮೇಟನ್ನು ಹೊರಗೆ ಬಿಡುತ್ತದೆ. ನಮಗೆ ಬೇಕಾದಷ್ಟು ಪ್ರಮಾಣ ಬೇಕೆಂದರೆ ಜೀವಿಯ ಯಾವುದೋ ಒಂದು ಕಡೆ ಬಿಗಿ ಹಿಡಿಯಲೇಬೇಕು. ಅದನ್ನು ಎಲ್ಲಿ ಹಿಡಿಯಬೇಕು ಎನ್ನುವುದಷ್ಟೇ ಪ್ರಶ್ನೆ. ಡಿಸ್ಟಿಲರಿಯಲ್ಲೂ ಬಿಗಿ ಇತ್ತು: ಅಲ್ಲಿ ನಾವು ಹಿಡಿದದ್ದು ಗಾಳಿಯನ್ನು.

ಬೂಷ್ಟಿಗೆ ಪೆನಿಸಿಲಿನ್ ಬೇಕಿಲ್ಲ ಎನ್ನುವುದರಿಂದ ಹುಟ್ಟುವ ನಿಜವಾದ ಕಷ್ಟ ತಳಿಗಳನ್ನು ಕಾಪಾಡುವ ಕಲ್ಚರ್ ರೂಮಿನಲ್ಲಿತ್ತು. ಕಾರ್ಖಾನೆಯ ತಳಿಗಳಲ್ಲಿ ಪೆನಿಸಿಲಿನ್ ಜೀನುಗಳ ಗುಂಪು ಒಂದಲ್ಲ, ಹಲವು ಪ್ರತಿಗಳಲ್ಲಿ ಇರುತ್ತದೆ. ಆ ಹೊರೆಯನ್ನು ಕಳಚಿಹಾಕಿದ ಎಳೆ ಇತರ ಎಳೆಗಳಿಗಿಂತ ಹಗುರಾಗಿ, ಚುರುಕಾಗಿ ಬೆಳೆಯುತ್ತದೆ. ಆ ಜೀನುಗಳ ಗುಂಪನ್ನು ಪೂರ್ತಿ ಕಳೆದುಕೊಂಡ ತಳಿಗಳೂ ಪ್ರಯೋಗಾಲಯಗಳಲ್ಲಿ ಸುಖವಾಗಿ ಬದುಕಿವೆ. ಹಾಗಾಗಿ ಒಂದು ಅಗರ್ ಸ್ಲ್ಯಾಂಟಿನಿಂದ ಇನ್ನೊಂದಕ್ಕೆ ಸುಮ್ಮನೆ ಬದಲಾಯಿಸುತ್ತ ಹೋದರೆ, ಕಣ್ಣಿಗೆ ಚಂದವಾಗಿ ಬೆಳೆಯುವ, ಏನೂ ಕೊಡದ ಬೂಷ್ಟು ಉಳಿಯುತ್ತದೆ. ಯೀಸ್ಟ್ ಆಲ್ಕೋಹಾಲನ್ನು ಹೀಗೆ ಮರೆಯಲಾರದು. ಗಾಳಿಯಿಲ್ಲದ ವ್ಯಾಟಿನಲ್ಲಿ ಮರೆತ ಯೀಸ್ಟ್ ಉಳಿಯುವುದೇ ಇಲ್ಲ. ಕಲ್ಚರ್ ರೂಮಿನ ಮೇಡಂ ಮೂಲ ತಳಿಯನ್ನು ಒಣಗಿಸಿ ಗಾಜಿನ ಆಂಪೂಲುಗಳಲ್ಲಿ ಮುಚ್ಚಿಟ್ಟು, ಹೊಸ ಪ್ಲೇಟುಗಳ ಮೇಲಿನ ಒಂದೊಂದು ಕಾಲೊನಿಯನ್ನೂ ಬೇರೆ ಬೇರೆ ಬೆಳೆಸಿ ಪರೀಕ್ಷಿಸಿ, ಸೋತದ್ದನ್ನೆಲ್ಲ ಎಸೆಯುತ್ತಿದ್ದರು. ನೋಡಲು ಸೊಗಸಾಗಿ ಬಿಳಿ ಹತ್ತಿಯಂತೆ ಹರಡಿದ ಕಾಲೊನಿಗಳ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ಕಾರ್ಖಾನೆಯ ಸಂಪತ್ತು ಆ ಕೋಣೆಯ ಫ್ರಿಜ್ಜಿನಲ್ಲಿತ್ತು, ಮತ್ತು ಹೊರಗಿನವರಲ್ಲಿ ಹೆಚ್ಚಿನವರಿಗೆ ಅವರ ಕೆಲಸ ಏನೆಂಬುದೇ ಗೊತ್ತಿರಲಿಲ್ಲ.

ಆ ಮೇಡಂ ಜೊತೆ ಮಾತಾಡುವಾಗಲೇ ಎಂ.ಜೆ. ತಿರುಮಲಾಚಾರ್ ಹೆಸರು ಮೊದಲು ಕೇಳಿದೆ. ಮೈಸೂರು ಸೀಮೆಯಿಂದ ಹೋದ ಶಿಲೀಂಧ್ರ ವಿಜ್ಞಾನಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ 1954ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ ಹುಟ್ಟಿದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಲಿಮಿಟೆಡ್‌ನಲ್ಲಿ ಅವರು ಸಂಶೋಧನೆ ನಡೆಸಿದರು. ಶಿಲೀಂಧ್ರಗಳ ಸೋಂಕಿಗೆ ಕೊಡುತ್ತಿದ್ದ ಹ್ಯಾಮೈಸಿನ್, ಬೆಳೆಗಳ ರೋಗಕ್ಕೆ ಬಳಸಿದ ಆರಿಯೋಫಂಗಿನ್ ಅವರ ತಂಡದ ಕೊಡುಗೆ. ಹ್ಯಾಮೈಸಿನ್ ಕೊಡುವ ಜೀವಿಗೆ ಅವರು ಇಟ್ಟ ಹೆಸರು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ನಮ್ಮ ನೆಲದ ಜೀವಿಯೊಂದು ಕೊಟ್ಟ ಸೆಕೆಂಡರಿ ಮೆಟಬೊಲೈಟ್ ನಮ್ಮ ನೆಲದಲ್ಲೇ ಮದ್ದಾಗಿ ಹೊರಬಂದದ್ದು ದೊಡ್ಡ ಸಂಗತಿ. ಕನ್ನಡದ ಶಾಲಾ ಪುಸ್ತಕಗಳಲ್ಲಿ ಅವರ ಬಗ್ಗೆ ಒಂದು ಪಾಠ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಮ್ಮ ಕಾರ್ಖಾನೆಯಲ್ಲಿ ಒಮ್ಮೆ ಐದನೆಯ ದಿನದ ಟ್ಯಾಂಕ್ ಒಂದು ಕೈಬಿಟ್ಟಿತು. ಪೆನಿಸಿಲಿನ್ ಅಳೆಯಲು ಆಗ ಅಗರ್ ತಟ್ಟೆಯೂ ಇತ್ತು: ಬ್ಯಾಕ್ಟೀರಿಯಾ ಬಿತ್ತಿದ ತಟ್ಟೆಯಲ್ಲಿ ಸ್ಯಾಂಪಲ್ ಇಟ್ಟರೆ ಸುತ್ತ ಏನೂ ಬೆಳೆಯದ ಸ್ವಚ್ಛ ವೃತ್ತ ಮೂಡುತ್ತದೆ, ವೃತ್ತ ದೊಡ್ಡದಾದಷ್ಟೂ ಮದ್ದು ಹೆಚ್ಚು. ಹಿಂದಿನ ದಿನ ಅಗಲವಾಗಿದ್ದ ವೃತ್ತ ಆ ಬೆಳಗ್ಗೆ ಕುಗ್ಗಿತ್ತು. ಸಂಜೆಯ ತಟ್ಟೆಯಲ್ಲಿ ವೃತ್ತವೇ ಇರಲಿಲ್ಲ. ಸ್ಲೈಡಿನಲ್ಲಿ ಎಳೆಗಳ ನಡುವೆ ಚುರುಕಾಗಿ ಓಡಾಡುವ ಕಡ್ಡಿಯಾಕಾರದ ಬ್ಯಾಕ್ಟೀರಿಯಾ. ಪೆನಿಸಿಲಿನೇಸ್ ಎಂಬ ಕಿಣ್ವ ಇರುವ ಜಾತಿ ಅದು, ಐದು ದಿನ ಕಾದು ಕೂಡಿಸಿದ್ದನ್ನೆಲ್ಲ ಒಂದೇ ದಿನದಲ್ಲಿ ಮುರಿದುಹಾಕಿತ್ತು. ಕೂಲಿಂಗ್ ಕಾಯಿಲ್‌ನಲ್ಲಿ ಸೂಜಿಮೊನೆಯಷ್ಟು ತೂತಿತ್ತು ಎಂದು ಆಮೇಲೆ ಗೊತ್ತಾಯಿತು. ಡಿಸ್ಟಿಲರಿಯಲ್ಲಿ ನಾವು ಕಾಕಂಬಿಯನ್ನು ಸ್ಟೆರಿಲೈಜ್ ಕೂಡ ಮಾಡುತ್ತಿರಲಿಲ್ಲ. ಹುಳಿ, ಆಲ್ಕೋಹಾಲ್, ಯೀಸ್ಟಿನ ವೇಗ, ಇವೇ ಕಾವಲು. ನಿಧಾನವಾಗಿ ಬರುವ ಮಾಲಿಗೆ ಅಂಥ ಕಾವಲು ಇಲ್ಲ. ಬ್ಯಾಚಿನ ಆಯಸ್ಸು ಉದ್ದವಾದಷ್ಟೂ ಕೆಡಲು ಅವಕಾಶ ಹೆಚ್ಚು. ಟ್ಯಾಂಕಿನ ಮಾಲನ್ನು ಹಬೆ ಹೊಡೆದು ಕೊಂದು ಚರಂಡಿಗೆ ಬಿಟ್ಟ ರಾತ್ರಿ ಶಿಫ್ಟಿನವರು ಯಾರೂ ಊಟಕ್ಕೆ ಹೋಗಲಿಲ್ಲ.

ನನಗೆ ಆ ನಷ್ಟ ದುಡ್ಡಿನ ಲೆಕ್ಕವಾಗಿ ಮಾತ್ರ ಕಾಣಲಿಲ್ಲ. ಊರಿನಲ್ಲಿ ನಮ್ಮ ದೊಡ್ಡಪ್ಪನ ಮಗಳಿಗೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಸೊರಗಿತ್ತು. ಮೂರು ವಾರಕ್ಕೊಂದು ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್ ತಪ್ಪುವಂತಿರಲಿಲ್ಲ. ಮೆಡಿಕಲ್ ಶಾಪಿನಲ್ಲಿ ಸ್ಟಾಕ್ ಇಲ್ಲ ಅಂದರೆ ದೊಡ್ಡಪ್ಪ ಮೈಸೂರಿಗೆ ಬಸ್ ಹತ್ತುತ್ತಿದ್ದರು. “ನಿನ್ನ ಕಾರ್ಖಾನೇಲಿ ಮಾಡ್ತಾರಂತಲ್ಲೋ, ಅಲ್ಲೂ ಸಿಗಲ್ವೇನೋ ಮಗ?” ಎಂದು ಕೇಳಿದ್ದರು. ನಾವು ಮಾಡುವುದು ಕಚ್ಚಾ ಪೆನಿಸಿಲಿನ್ ಜಿ, ಅದು ಸೂಜಿಮದ್ದಾಗಲು ಇನ್ನೂ ಹಲವು ಕೈ ದಾಟಬೇಕು ಎಂದು ಅವರಿಗೆ ವಿವರಿಸಿದೆ. ಆದರೆ ಆ ಪ್ರಶ್ನೆ ಸರಿಯಾದದ್ದೇ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮಾಡುವುದೂ ಇದೇ ಪೆನಿಸಿಲಿನ್ ಜಿಯನ್ನು ಕತ್ತರಿಸಿ. ಬುಡದಲ್ಲಿ ಬೂಷ್ಟಿನ ಟ್ಯಾಂಕ್ ಇಲ್ಲದಿದ್ದರೆ ಮೇಲಿನ ಕಪಾಟಿನಲ್ಲಿ ಏನೂ ಇಲ್ಲ.

ಆ ಬುಡವನ್ನು ನಾವು ಕೈಬಿಟ್ಟೆವು. ಚೀನಾದ ಅಗ್ಗದ ಪೆನಿಸಿಲಿನ್ ಜಿ ಬರತೊಡಗಿದ ಮೇಲೆ ಭಾರತದ ಫರ್ಮೆಂಟರುಗಳು ಒಂದೊಂದಾಗಿ ನಿಂತವು. ಟ್ಯಾಂಕುಗಳನ್ನು ಗುಜರಿಗೆ ಹಾಕಬಹುದು, ಬೇಕಾದಾಗ ಮತ್ತೆ ಕೊಳ್ಳಬಹುದು. ಸ್ಲೈಡ್ ನೋಡಿ ಫೀಡ್ ಇಳಿಸಿ ಅನ್ನುವವರು, ಕಾಲೊನಿಯ ಬಣ್ಣ ನೋಡಿ ಎಸೆಯುವವರು ನಿವೃತ್ತರಾಗಿ ಮನೆಗೆ ಹೋದರು, ಅವರ ಕೈಕೆಳಗೆ ಕಲಿಯಲು ಯಾರೂ ಇರಲಿಲ್ಲ. ನನ್ನನ್ನು ಹೆಚ್ಚು ನೋಯಿಸಿದ್ದು ಇದು. ಕೋವಿಡ್ ವರ್ಷವಾದ 2020ರಲ್ಲಿ ಸರ್ಕಾರ ಪ್ರೋತ್ಸಾಹಧನದ ಯೋಜನೆ ತಂದು ಪೆನಿಸಿಲಿನ್ ಜಿಯನ್ನೂ ಅದರಲ್ಲಿ ಸೇರಿಸಿತು. 2024ರಲ್ಲಿ ಆಂಧ್ರದ ಕಾಕಿನಾಡ ಕಡೆ ಅರೊಬಿಂದೊ ಫಾರ್ಮಾದ ಅಂಗಸಂಸ್ಥೆ ಮತ್ತೆ ಅದನ್ನು ತಯಾರಿಸಲು ಶುರುಮಾಡಿತು. ಸುದ್ದಿ ಓದಿ ಸಂತೋಷಪಟ್ಟು ಧಾರವಾಡದ ಸರ್ ಮನೆಗೆ ಫೋನ್ ಮಾಡಿದೆ. “ಟ್ಯಾಂಕ್ ದೊಡ್ಡವು ಹಾಕ್ಯಾರೇನು? ಶಿಫ್ಟಿನ್ಯಾಗ ಯಾರ್ ಅದಾರ?” ಎಂದು ಕೇಳಿದರು.

ಈಗ ಹೊರಹೋಗುವ ಗಾಳಿಯಲ್ಲಿ ಆಮ್ಲಜನಕ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಉಪಕರಣಗಳೇ ಬಿಡದೆ ಅಳೆದು ಫೀಡ್ ಹೊಂದಿಸುತ್ತವೆ, ಒಳ್ಳೆಯದೇ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವ ಹುಡುಗ ಹುಡುಗಿಯರು ಆಗಾಗ ನನ್ನ ಬಳಿ ಮಾತಾಡಲು ಬರುತ್ತಾರೆ. ಅವರನ್ನು ಇಂಡಸ್ಟ್ರಿಯಲ್ ವಿಸಿಟ್ ಎಂದು ಒಂದು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತರುತ್ತಾರೆ. ಒಂದು ದಿನದಲ್ಲಿ ಕಾಣುವುದು ಪೈಪು, ವಾಲ್ವು, ಬಿಳಿ ಕೋಟು. ಹುದುಗು ಒಂದೂವರೆ ದಿನದಲ್ಲಿ ಮುಗಿಯುವ ಡಿಸ್ಟಿಲರಿಗಾದರೆ ಅಷ್ಟು ಸಾಕಾದೀತು. ಆ್ಯಂಟಿಬಯಾಟಿಕ್ ಕಾರ್ಖಾನೆಗೆ ಕಳಿಸುವುದಾದರೆ ಬೀಜ ಬೀಳುವ ದಿನ ಕಳಿಸಿ, ಹಾರ್ವೆಸ್ಟ್ ಆಗುವವರೆಗೂ ಅಲ್ಲೇ ಇರಿಸಿ, ದಿನಕ್ಕೆ ಮೂರು ಹೊತ್ತು ಒಂದು ಹನಿ ರಸವನ್ನು ಅವರ ಕೈಯಿಂದಲೇ ಸ್ಲೈಡಿಗೆ ಹಾಕಿಸಿ ಎಂದು ಅವರ ಮೇಷ್ಟರಿಗೆ ಕಾಗದ ಬರೆದಿದ್ದೇನೆ. ಮುಂದಿನ ಸೆಮಿಸ್ಟರಿನಲ್ಲಿ ನೋಡೋಣ ಅಂದಿದ್ದಾರೆ.